ಗೊರಕೆಯ ಲೆಕ್ಕ ಬೆರಳ ತುದಿಯಲ್ಲಿ

ಕೊರೊನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬೆರಳಿಗೆ ಸಿಕ್ಕಿಸುತ್ತಿದ್ದ ಪುಟ್ಟ ಕ್ಲಿಪ್ ನೆನಪಿದೆಯಲ್ಲ? ಅಂಕಿ 94ಕ್ಕಿಂತ ಕೆಳಗಿಳಿದರೆ ಮನೆಯವರಿಗೆಲ್ಲ ಗಾಬರಿ. ಆ ಪಲ್ಸ್ ಆಕ್ಸಿಮೀಟರ್‌ನ ಕಥೆಗೂ ನಮ್ಮ ಮನೆಗಳ ಗೊರಕೆಗೂ ನಂಟಿದೆ.

1970ರ ದಶಕದ ಆರಂಭದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಯೋಯಗಿ ಬೇರೇನೋ ಅಳೆಯಲು ಹೊರಟಿದ್ದರು. ಹೃದಯ ಎಷ್ಟು ರಕ್ತ ಹೊರಹಾಕುತ್ತದೆಂದು ತಿಳಿಯಲು ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸುತ್ತಿದ್ದರು. ನಾಡಿಮಿಡಿತ ಅಳತೆಯನ್ನು ಕೆಡಿಸುತ್ತಿತ್ತು. ಆ ಕಿರಿಕಿರಿ ನಿವಾರಿಸಲು ಹೋದಾಗಲೇ ಅವರಿಗೆ ದಾರಿ ಹೊಳೆಯಿತು. ಎರಡು ಬಗೆಯ ಬೆಳಕಿನಲ್ಲಿ ಮಿಡಿತದ ಏರಿಳಿತವನ್ನು ಹೋಲಿಸಿದರೆ ರಕ್ತದ ಆಮ್ಲಜನಕವೇ ತಿಳಿಯುತ್ತದೆ! ಬೇಡವಾದದ್ದೇ ಬೇಕಾದದ್ದಾಯಿತು. ಅಯೋಯಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಆ ಕ್ಲಿಪ್ ಹುಡುಕುತ್ತಿದ್ದಾಗ.

ಗೊರಕೆಯನ್ನೂ ನಾವು ಬರೀ ಕಿರಿಕಿರಿ ಎಂದೇ ನಗುತ್ತೇವೆ. ಆದರೆ ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಹತ್ತು ಸೆಕೆಂಡಿಗೂ ಹೆಚ್ಚು ಉಸಿರು ನಿಲ್ಲುತ್ತದೆ. ಆಮ್ಲಜನಕ ಇಳಿಯುತ್ತದೆ, ಮೆದುಳು ಎಚ್ಚರಿಸುತ್ತದೆ, ಬುಸ್ಸೆಂದು ಉಸಿರು ಮರಳುತ್ತದೆ. ಇದು ಗಂಟೆಗೆ 30 ಸಲವಾದರೆ ತೀವ್ರ ಕಾಯಿಲೆ. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಇದನ್ನು ದಾಖಲಿಸಿದರು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಕ್ರಿಶ್ಚಿಯನ್ ಗಿಲೆಮಿನೊ ಮತ್ತು ಸಂಗಡಿಗರು 'ಸ್ಲೀಪ್ ಆಪ್ನಿಯ ಸಿಂಡ್ರೋಮ್' ಎಂದು ಕರೆದರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮೂಗಿನಿಂದ ಗಾಳಿಯ ಒತ್ತಡ ಕೊಡುವ ಚಿಕಿತ್ಸೆಯನ್ನೂ ತೋರಿಸಿದರು.

ಕಷ್ಟವಿದ್ದದ್ದು ಪತ್ತೆಯಲ್ಲಿ. ತಲೆಗೆ, ಎದೆಗೆ ವೈರು ಅಂಟಿಸಿಕೊಂಡು ಪ್ರಯೋಗಾಲಯದಲ್ಲಿ ರಾತ್ರಿ ಮಲಗಬೇಕು. ಹಳ್ಳಿಯವರಿಗೆ ಅದೆಲ್ಲಿ ಸಾಧ್ಯ?

2000ದಲ್ಲಿ ಕಂಪ್ಯೂಟರ್‌ಗಳಿಗೊಂದು ಪರೀಕ್ಷೆ ನಡೆಯಿತು. 70 ರಾತ್ರಿಗಳ ಹೃದಯಬಡಿತದ ದಾಖಲೆಗಳಲ್ಲಿ ಪ್ರತಿ ನಿಮಿಷವನ್ನೂ ತಜ್ಞರು ಗುರುತು ಹಾಕಿದ್ದರು. ಅರ್ಧವನ್ನು ಉತ್ತರದ ಸಮೇತ ಕಲಿಯಲು ಕೊಟ್ಟು, ಉಳಿದರ್ಧಕ್ಕೆ ಉತ್ತರ ಕೇಳಿದರು. ಶಾಲೆಯಲ್ಲಿ ಮಾದರಿ ಲೆಕ್ಕ ನೋಡಿ ಹೊಸ ಲೆಕ್ಕ ಬಿಡಿಸಿದ ಹಾಗೆ. ಮುಂದಿದ್ದ ತಂಡಗಳು 90%ಗೂ ಹೆಚ್ಚು ನಿಮಿಷಗಳನ್ನು ಸರಿಯಾಗಿ ಗುರುತಿಸಿದವು. ಇದೇ ವಿದ್ಯೆಯನ್ನು, ಅಂದರೆ ಮೆಷಿನ್ ಲರ್ನಿಂಗನ್ನು, ಬೆರಳಿನ ಆಮ್ಲಜನಕಕ್ಕೂ ಬಳಸುತ್ತಾರೆ. ರಾತ್ರಿಯ ಗೆರೆ ಗರಗಸದ ಹಲ್ಲಿನಂತೆ ಇಳಿದು ಏರುವುದನ್ನು ಕಂಪ್ಯೂಟರ್ ಎಣಿಸಿ ತೂಗುತ್ತದೆ.

ಆದರೆ ಎರಡು ಎಚ್ಚರಿಕೆ. ಮನೆಯ ಸಾದಾ ಕ್ಲಿಪ್ ಆ ಕ್ಷಣದ ಅಂಕಿಯನ್ನಷ್ಟೇ ತೋರಿಸುತ್ತದೆ. ಇದಕ್ಕೆ ರಾತ್ರಿಯಿಡೀ ದಾಖಲಿಸುವ ಯಂತ್ರ ಬೇಕು. ಇನ್ನೊಂದು, 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಇಳಿದ ಆಮ್ಲಜನಕವನ್ನು ಆಕ್ಸಿಮೀಟರ್ ಗುರುತಿಸದೆ ಹೋದದ್ದು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅಳತೆಯೇ ತಪ್ಪಿದರೆ ಅದನ್ನು ನೋಡಿ ಕಲಿತ ಯಂತ್ರವೂ ತಪ್ಪುತ್ತದೆ. ಗೋಧಿ, ಕಪ್ಪು ಮೈಬಣ್ಣದ ನಾವು ಇದನ್ನು ಕೇಳಲೇಬೇಕು: ಈ ಯಂತ್ರ ನಮ್ಮಂಥವರ ಮೇಲೆ ಪರೀಕ್ಷೆಯಾಗಿದೆಯೇ?

ಅಲ್ಲಿಯವರೆಗೆ ಮನೆಯವರ ಕಣ್ಣು, ಕಿವಿಯೇ ಮೊದಲ ಯಂತ್ರ. ಗೊರಕೆ ತಟ್ಟನೆ ನಿಂತು, ಉಸಿರುಗಟ್ಟಿ ಎದ್ದು, ಹಗಲಲ್ಲಿ ಟ್ರ್ಯಾಕ್ಟರ್ ಮೇಲೂ ತೂಕಡಿಸುವವರಿದ್ದರೆ ನಗಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ, ರಾತ್ರಿ ನೀವು ಕಂಡದ್ದನ್ನು ಹೇಳಿ.