ಹಂಟಾ: ನದಿಯಿಂದ ಹೊರಟ ಪದ

ಹಾನ್‌ತಾನ್ ಕೊರಿಯಾದ ಒಂದು ನದಿ. ಉತ್ತರ ಕೊರಿಯಾದಲ್ಲಿ ಹುಟ್ಟಿ, ಎರಡು ದೇಶಗಳ ನಡುವಿನ ಕಾವಲುಗಡಿಯನ್ನು ದಾಟಿ, ಬಸಾಲ್ಟ್ ಬಂಡೆಗಳ ಕಮರಿಯಲ್ಲಿ ಹರಿದು ಇಮ್ಜಿನ್ ನದಿಯನ್ನು ಸೇರುತ್ತದೆ. ‘ಹಾನ್’ ಎಂದರೆ ದೊಡ್ಡದು, ‘ತಾನ್’ ಎಂದರೆ ಕಲ್ಲುಗಳ ಮೇಲೆ ರಭಸದಿಂದ ಹಾಯುವ ನೀರು. ಆದರೆ ಕೊರಿಯನ್ನರ ಕಿವಿಗೆ ಇದೇ ಉಚ್ಚಾರದ ಇನ್ನೊಂದು ಮಾತೂ ಕೇಳಿಸುತ್ತದೆ. ಅದರ ಅರ್ಥ ಹಲುಬುವುದು, ನಿಟ್ಟುಸಿರಿಡುವುದು. ಯುದ್ಧವನ್ನೂ ಹೋಳಾದ ನಾಡನ್ನೂ ಕಂಡ ಜನ ನದಿಯ ಹೆಸರಿನಲ್ಲಿ ಆ ಅಳಲನ್ನೇ ಕೇಳಿಕೊಂಡರು. ಪದದ ಮೂಲ ಅದಲ್ಲ, ನಿಜ. ಆದರೂ ಜನ ಒಪ್ಪಿಕೊಂಡ ಅರ್ಥ ಪದದ ಬಾಳಿಗೆ ಸೇರದೆ ಹೋಗುವುದಿಲ್ಲ.

1950–53ರ ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಪಡೆಗಳ ಸುಮಾರು 3,000 ಸೈನಿಕರು ಒಂದು ವಿಚಿತ್ರ ಜ್ವರಕ್ಕೆ ಸಿಕ್ಕಿದರು. ಮೊದಲು ಜ್ವರ, ಆಮೇಲೆ ರಕ್ತಸ್ರಾವ, ಕೊನೆಗೆ ಮೂತ್ರಪಿಂಡ ಕೈಕೊಡುತ್ತಿತ್ತು. ಕಾರಣವಾದ ರೋಗಾಣು ಇಪ್ಪತ್ತು ವರ್ಷ ದಾಟಿದರೂ ಯಾರ ಕೈಗೂ ಸಿಗಲಿಲ್ಲ. 1976ರಲ್ಲಿ ಕೊರಿಯಾದ ವಿಜ್ಞಾನಿ ಲೀ ಹೋ-ವಾಂಗ್ ಹಾನ್‌ತಾನ್ ಸೀಮೆಯ ಹೊಲದ ಇಲಿಗಳ, ಬೆನ್ನ ಮೇಲೆ ಕಪ್ಪು ಪಟ್ಟೆಯಿರುವ ಇಲಿಗಳ ಶ್ವಾಸಕೋಶವನ್ನು ಪರೀಕ್ಷಿಸಿದರು. ಜ್ವರದಿಂದ ಗುಣವಾದವರ ರಕ್ತದಲ್ಲಿನ ಪ್ರತಿಕಾಯಗಳು ಅಲ್ಲಿ ಅಂಟಿಕೊಂಡು ಸೂಕ್ಷ್ಮದರ್ಶಕದಡಿ ಹೊಳೆದವು. ರೋಗದ ನೆಲೆ ಸಿಕ್ಕಿತ್ತು. ವೈರಸ್ಸಿಗೆ ಅವರು ಆ ನದಿಯ ಹೆಸರನ್ನೇ ಇಟ್ಟರು. 1987ರಲ್ಲಿ ಇಂಥ ವೈರಸ್‌ಗಳ ಕುಲಕ್ಕೆಲ್ಲ ‘ಹಂಟಾ’ ಎಂಬ ಹೆಸರು ಅಧಿಕೃತವಾಯಿತು. ನದಿಯ ಕೊನೆಯ ‘ನ್’ ಕಳಚಿಬಿತ್ತು. ಇಂಗ್ಲಿಷಿನ ದಾರಿ ಹಿಡಿದು ನಮ್ಮವರೆಗೆ ಬರುವಷ್ಟರಲ್ಲಿ ‘ತ’ ಕೂಡ ‘ಟ’ ಆಗಿತ್ತು.

ಆವರೆಗೆ ಇದು ಏಷ್ಯಾ, ಯುರೋಪುಗಳ ಮೂತ್ರಪಿಂಡದ ರೋಗ ಎಂದೇ ವೈದ್ಯರ ತಿಳಿವಳಿಕೆ. 1993ರ ಮೇ ತಿಂಗಳಲ್ಲಿ ಅದು ಬದಲಾಯಿತು. ಅಮೆರಿಕದ ನ್ಯೂ ಮೆಕ್ಸಿಕೋ, ಅರಿಜೋನಾ, ಯೂಟಾ, ಕೊಲೊರಾಡೊ ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುವ ‘ಫೋರ್ ಕಾರ್ನರ್ಸ್’ ಸೀಮೆಯಲ್ಲಿ ಗಟ್ಟಿಮುಟ್ಟಾದ ಯುವಕ ಯುವತಿಯರು ಉಸಿರಾಡಲಾಗದೆ ಸಾಯತೊಡಗಿದರು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಕೆಲವೇ ವಾರಗಳಲ್ಲಿ ರೋಗನಿಯಂತ್ರಣ ಕೇಂದ್ರದ ವಿಜ್ಞಾನಿಗಳು ಇದು ಹಂಟಾ ಬಳಗದ್ದೇ ಹೊಸ ವೈರಸ್ ಎಂದು ಗುರುತಿಸಿದರು. ಆ ಬೇಸಿಗೆಯಲ್ಲಿ ಸುಮಾರು 1,700 ದಂಶಕಗಳನ್ನು ಹಿಡಿದು ಪರೀಕ್ಷಿಸಿದಾಗ ವೈರಸ್ಸಿನ ಮನೆ ತಿಳಿಯಿತು: ಅದು ಡೀರ್ ಮೌಸ್. ಬೆನ್ನು ಕಂದು, ಹೊಟ್ಟೆ ಬಿಳಿ, ಜಿಂಕೆಯದೇ ಬಣ್ಣ. ಹಾಗಾಗಿ ಜಿಂಕೆಯಿಲಿ ಎನ್ನೋಣ.

ಜಿಂಕೆಯಿಲಿಗೆ ಈ ವೈರಸ್ಸಿನಿಂದ ಕಾಯಿಲೆಯೇನೂ ಆಗುವುದಿಲ್ಲ. ಸೋಂಕು ತಗುಲಿದ ಮೇಲೂ ಅದು ಆರಾಮವಾಗಿ ಓಡಾಡುತ್ತ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ಸನ್ನು ಹೊರಹಾಕುತ್ತಿರುತ್ತದೆ. ಒಣಗಿದ ಹಿಕ್ಕೆಯ ದೂಳು ಮನುಷ್ಯನ ಉಸಿರಿಗೆ ಸೇರಿದರೆ ಅಪಾಯ, ಅದೂ ಎಂಥ ಅಪಾಯ! ಶ್ವಾಸಕೋಶದ ಈ ರೋಗ ಬಂದವರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಮುಚ್ಚಿಟ್ಟ ಕೊಠಡಿಯನ್ನು ತೆರೆದೊಡನೆ ಕಸ ಗುಡಿಸಬೇಡಿ, ಮೊದಲು ಸೋಂಕುನಾಶಕ ಚಿಮುಕಿಸಿ ನೆನೆಸಿ ಎಂದು ಅಲ್ಲಿನ ವೈದ್ಯರು ಹೇಳುವುದು ಇದಕ್ಕೇ.

ಅದೇ ವರ್ಷ ಯಾಕೆ? ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳು ಮೊದಲಿನಿಂದಲೂ ಇಲಿಗಳ ಲೆಕ್ಕ ಇಡುತ್ತ ಬಂದಿದ್ದರು. ಎಲ್ ನಿನ್ಯೊ ತಂದ ಮಳೆ ಹಿಮಗಳಿಂದ ಬರಡು ನೆಲ ಹಸಿರಾಗಿ, ಪಿನ್ಯೊನ್ ಪೈನ್ ಮರಗಳ ಬೀಜ ಹುಲುಸಾಗಿ, ಒಂದೇ ವರ್ಷದಲ್ಲಿ ಇಲಿಗಳು ಹತ್ತು ಪಟ್ಟಾಗಿದ್ದವು. ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಹಿರಿಯರು ಹೇಳಿದ್ದೂ ಇದನ್ನೇ: ಮಳೆ ಹೆಚ್ಚಾದ ವರ್ಷ ಬೀಜ ಹೆಚ್ಚು, ಇಲಿ ಹೆಚ್ಚು, ಸಾವೂ ಹೆಚ್ಚು. ಇಲಿ ಮನೆಯೊಳಗೆ ಬರಕೂಡದು, ಅದು ಹರಿದಾಡಿದ ಬಟ್ಟೆಯನ್ನು ಸುಡಬೇಕು ಎಂಬುದು ಅವರಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಪ್ರಯೋಗಾಲಯ ತಲುಪಿದ ತೀರ್ಮಾನಕ್ಕೆ ಅವರು ಬೇರೆ ದಾರಿಯಿಂದ ಎಂದೋ ತಲುಪಿದ್ದರು.

ಆದರೆ ಪತ್ರಿಕೆಗಳು ರೋಗವನ್ನು ‘ನವಾಹೊ ಫ್ಲೂ’ ಎಂದು ಕರೆದವು. ಸತ್ತವರನ್ನು ಮಣ್ಣು ಮಾಡಿ ದುಃಖದಲ್ಲಿದ್ದ ಜನರನ್ನು ಕಂಡು ಹೊರಗಿನವರು ದೂರ ಸರಿದರು. ವೈರಸ್ಸಿಗೆ ಊರಿನ ಹೆಸರಿಡುವುದು ರೂಢಿಯಾದ್ದರಿಂದ ‘ಫೋರ್ ಕಾರ್ನರ್ಸ್’ ಎಂಬ ಹೆಸರು ಬಂತು. ಸ್ಥಳೀಯರು ಬೇಡವೆಂದರು. ಆಮೇಲೆ ವಿಜ್ಞಾನಿಗಳು ‘ಮುಯೆರ್ತೊ ಕ್ಯಾನ್ಯನ್’ ಎಂದರು. ಅದಕ್ಕೆ ನವಾಹೊ ಜನರ ವಿರೋಧ ಇನ್ನೂ ಗಟ್ಟಿಯಾಗಿತ್ತು. ಸತ್ತವರ ಹೆಸರೆತ್ತಿ ಮಾತಾಡುವುದೇ ಸಲ್ಲದು ಎನ್ನುವ ಜನ ಅವರು. ಮುಯೆರ್ತೊ ಎಂದರೆ ಸತ್ತವನು, ಕ್ಯಾನ್ಯನ್ ಎಂದರೆ ಕಮರಿ. ಆ ಕಮರಿ ಅವರದೇ ನೆಲ, 1805ರಲ್ಲಿ ಸ್ಪೇನಿನ ಸೈನಿಕರು ಅವರ ಹಿರಿಯರನ್ನು ಕೊಂದದ್ದೂ ಅಲ್ಲೇ. ಕಡೆಗೆ ವಿಜ್ಞಾನಿಗಳು ‘ಸಿನ್ ನೊಂಬ್ರೆ’ ಎಂಬ ಸ್ಪ್ಯಾನಿಷ್ ಮಾತನ್ನು ಆರಿಸಿಕೊಂಡರು. ಅಂದರೆ ಹೆಸರಿಲ್ಲದ್ದು.

ಉಂಗುರದ ಬೆರಳನ್ನು ಅನಾಮಿಕಾ ಎನ್ನುವ ನಮಗೆ ಇಂಥ ಹೆಸರು ಹೊಸತಲ್ಲ. ಆದರೆ ಇಲ್ಲಿ ಹೆಸರಿಡದೆ ಬಿಟ್ಟದ್ದು ಒಂದು ಜನಾಂಗದ ಮಾನ ಕಾಯಲು. ವೈರಸ್ ಶಾಸ್ತ್ರದಲ್ಲಿ ಇದಕ್ಕಿಂತ ಸಂಸ್ಕಾರವುಳ್ಳ ಇನ್ನೊಂದು ಹೆಸರನ್ನು ನಾನು ಕಂಡಿಲ್ಲ. ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ತೀರ ಈಚೆಗೆ, 2015ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಆ ಮಾತಿನಿಂದ ಪ್ರಯೋಜನವಾಗಲಿಲ್ಲ. 1957ರಿಂದ ಆ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ರೋಗವಾಗಿಯೇ ಉಳಿದಿದೆ. ಮಲೆನಾಡಿನವರು ಮಾತ್ರ ಊರನ್ನು ಬಿಟ್ಟು ‘ಮಂಗನ ಕಾಯಿಲೆ’ ಎಂದರು.

ಕನ್ನಡದ ಸುದ್ದಿವಾಹಿನಿಗಳಲ್ಲಿ ‘ಹಂಟಾ’ ಜೋರಾಗಿ ಕೇಳಿಬಂದದ್ದು 2020ರ ಮಾರ್ಚಿನಲ್ಲಿ. ಚೀನಾದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದವನೊಬ್ಬ ಇದರಿಂದ ಸತ್ತನೆಂಬ ಸುದ್ದಿ ಕೊರೊನಾದ ಭಯದ ಮೇಲೆ ಇನ್ನೊಂದು ಭಯ ಹೇರಿತು. ಇಲಿಯಿಂದ ಬರುತ್ತದೆಂದು ಇದನ್ನು ‘ಇಲಿಜ್ವರ’ ಎನ್ನುವಂತಿಲ್ಲ. ನಮ್ಮಲ್ಲಿ ಇಲಿಜ್ವರವೆಂದರೆ ಲೆಪ್ಟೊಸ್ಪೈರೋಸಿಸ್. ಅದು ಬ್ಯಾಕ್ಟೀರಿಯಾದಿಂದ ಬರುವ, ಆ್ಯಂಟಿಬಯಾಟಿಕ್‌ಗೆ ಬಗ್ಗುವ ಬೇರೆಯದೇ ಕಾಯಿಲೆ. ಎರಡಕ್ಕೂ ಒಂದೇ ಹೆಸರಾದರೆ ಚಿಕಿತ್ಸೆ ದಾರಿ ತಪ್ಪೀತು. ಹಂಟಾ ಹಂಟಾ ಆಗಿಯೇ ಇರಲಿ.

ಪದ ಮಾತ್ರ ಇನ್ನೂ ಬೆಳೆಯುತ್ತಿದೆ. ಈಗ ಹಂಟಾ ಒಂದು ದೊಡ್ಡ ಕುಟುಂಬದ ಹೆಸರು. ಸಸ್ತನಿಗಳ ಶಾಖೆಗೆ ‘ಮ್ಯಾಮಂಟಾವೈರಿನೇ’ ಎಂದು ಹೆಸರಾಗಿ, ಮುಂದಿನ ‘ಹ’ ಕೂಡ ಉದುರಿದೆ. ಹೆಸರಿಲ್ಲದ್ದಕ್ಕೆ ಊರನ್ನು ಸೂಚಿಸುವ ಲ್ಯಾಟಿನ್ ಪ್ರತ್ಯಯ ಹತ್ತಿ ‘ಸಿನ್‌ನೊಂಬ್ರಿಯೆನ್ಸೆ’ ಆಗಿದೆ. ಇನ್ನೊಂದು ಕುಲದ ಹೆಸರು ‘ಥೊಟ್ಟಿಂವೈರಸ್’. 1964ರಲ್ಲಿ, ಹಾನ್‌ತಾನ್ ವೈರಸ್ಸಿಗಿಂತ ಮೊದಲೇ, ವೆಲ್ಲೂರಿನಲ್ಲಿ ಒಂದು ಸುಂಡಿಲಿಯಿಂದ ಬೇರ್ಪಡಿಸಿದ ವೈರಸ್ಸಿಗೆ ತೊಟ್ಟಪಾಳಯಂ ಎಂದು ಹೆಸರಿಟ್ಟಿದ್ದರು. ಅದೂ ಹಂಟಾ ಬಳಗದ್ದೆಂದು ಗೊತ್ತಾದದ್ದು ಬಹಳ ತಡವಾಗಿ. ಥೊಟ್ಟಿಂ ಎಂಬುದರಲ್ಲಿ ‘ತೊಟ್ಟ’ ಬಂದದ್ದು ಅಲ್ಲಿಂದ. ಅಲ್ಲಿನ ಪಾಳಯಂ ನಮ್ಮ ಪಾಳ್ಯವೇ. ಉಳಿದ ‘ಇಂ’ ಹಾನ್‌ತಾನ್ ಸೇರುವ ಇಮ್ಜಿನ್‌ನದು.