ಮಣೆಯೂ ಕಟ್ಟಳೆಯೂ

ಕಳೆದ ಆಟಿ ತಿಂಗಳಲ್ಲಿ, ಮಳೆಯ ರಭಸಕ್ಕೆ ಶಾಲೆಯ ಬಯಲೆಲ್ಲ ಕೆರೆಯಂತಾಗಿದ್ದ ಒಂದು ಮಧ್ಯಾಹ್ನ, ಎಂಟನೆಯ ತರಗತಿಯ ಕೊಠಡಿಯಿಂದ ಜಗಳದ ಸದ್ದು ಕೇಳಿಬಂತು. ಒಳಹೊಕ್ಕು ನೋಡಲಾಗಿ ನಾಲ್ವರು ಹುಡುಗರು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ, ಅದರ ಬೆನ್ನಿನ ಮೇಲೆ ತಾವೇ ಒಂದು ಆಟದ ಮಣೆಯನ್ನು ಬರೆದುಕೊಂಡು ಕುಳಿತಿದ್ದರು. ತಲಪಾಡಿಯಿಂದ ಹೊರಟು ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲುಗಳನ್ನು ಹಾದು ಚಂದ್ರಗಿರಿ ಹೊಳೆಯ ದಡವನ್ನು ಮುಟ್ಟುವುದು ಆ ಆಟದ ಗುರಿ. ಮಂಜೇಶ್ವರದ ಮನೆಗೆ ಬಂದವನು ಗೋವಿಂದ ಪೈಗಳ ನೆನಪಿಗಾಗಿ ಒಂದು ಕನ್ನಡ ಪದ್ಯವನ್ನು ಬಾಯಿಪಾಠವಾಗಿ ಹೇಳಬೇಕು. ಹೇಳಲಾರದವನು ಒಂದು ಸರದಿಯನ್ನು ಬಿಡಬೇಕು. ಕುಂಬಳೆಗೆ ಬಂದವನಿಗೆ, ಅದು ಪಾರ್ತಿಸುಬ್ಬನ ಊರೆಂಬ ಗೌರವದಿಂದ, ಇನ್ನೊಂದು ಗರ. ಹೊಳೆಯ ಮನೆಗಳಲ್ಲಿ ನಿಂತವನು 'ಒಂದು' ಬೀಳುವ ತನಕ ಕಾಯತಕ್ಕದ್ದು.

ಜಗಳ ಹುಟ್ಟಿದ್ದು ಈ ಕೊನೆಯ ಮಾತಿನಿಂದ. ಶಿರಿಯ ಹೊಳೆಯಲ್ಲಿ ಮೂರು ಸರದಿ ಕಾದು ಬೇಸತ್ತ ಹುಡುಗನೊಬ್ಬನು, "ಹೊಳೆಗೆ ಈಗ ಸಂಕ ಉಂಟಲ್ಲ ಮಾಸ್ಟ್ರೇ, ಮತ್ತೆ ಕಾಯುವುದು ಯಾಕೆ?" ಎಂದು ಕಾಯಿಯನ್ನು ದಾಟಿಸಿಬಿಟ್ಟಿದ್ದನು. ಉಳಿದ ಮೂವರು ಒಪ್ಪಲಿಲ್ಲ. ಅವನ ವಾದದಲ್ಲಿ ಸತ್ಯವಿತ್ತು, ಆದರೆ ನ್ಯಾಯವಿರಲಿಲ್ಲ. "ಕಟ್ಟಳೆಯನ್ನು ಬದಲಿಸಬಹುದು, ಆದರೆ ಆಟ ಮುಗಿದ ಮೇಲೆ, ನಾಲ್ವರೂ ಒಪ್ಪಿ ಬದಲಿಸಬೇಕು. ಒಪ್ಪಿದ್ದನ್ನು ಬರೆದಿಡಿ" ಎಂದೆನು. ಮರುದಿನ ಅವರು ಹನ್ನೊಂದು ಕಟ್ಟಳೆಗಳನ್ನು ನೋಟುಪುಸ್ತಕದ ಹಾಳೆಯಲ್ಲಿ ಬರೆದು ತಂದರು. ಆ ನಾಲ್ವರಲ್ಲಿ ಒಬ್ಬನ ಮನೆಮಾತು ತುಳು, ಒಬ್ಬನದು ಮಲೆಯಾಳ, ಒಬ್ಬನದು ಕೊಂಕಣಿ, ಒಬ್ಬನದು ಮಾತ್ರ ಕನ್ನಡ. ಕಟ್ಟಳೆಗಳೆಲ್ಲವೂ ಕನ್ನಡದಲ್ಲಿದ್ದವು, ಏಕೆಂದರೆ ನಾಲ್ವರಿಗೂ ಸಮಾನವಾಗಿ ತಿಳಿಯುವ ಶಾಲೆಯ ಮಾತು ಅದೇ. ಗರ, ಕಾಯಿ, ಕಟ್ಟೆ, ಕಡಿ, ಹಣ್ಣು—ಈ ಶಬ್ದಗಳನ್ನು ನಾನು ಅವರಿಗೆ ಕಲಿಸಿದವನಲ್ಲ. ಆ ಹಾಳೆಯೇ ಈ ಲೇಖನಕ್ಕೆ ಪ್ರೇರಣೆಯಾಯಿತು.

ಮನೆಯಲ್ಲೇ ಮಣೆ ಮಾಡಿ, ಮನೆಯಲ್ಲೇ ಕಟ್ಟಳೆ ಕಟ್ಟಿ ಆಡುವುದು ನಮ್ಮ ನಾಡಿನಲ್ಲಿ ಹೊಸತಲ್ಲ. ಚೌಕಾಬಾರ ಅಥವಾ ಕಟ್ಟೆಮನೆಯ ಆಟವನ್ನೇ ನೋಡಿರಿ. ಸೀಮೆಸುಣ್ಣದ ತುಂಡೊಂದಿದ್ದರೆ ನೆಲದ ಮೇಲೆ ಐದೈದು ಸಾಲಿನ ಇಪ್ಪತ್ತೈದು ಮನೆಗಳು ಸಿದ್ಧ. ನಾಲ್ಕು ಕವಡೆ ದಾಳಗಳಾದವು. ಹುಣಿಸೆಯ ಬೀಜ, ಬಳೆಯ ಚೂರು, ಕಲ್ಲು, ಕಡ್ಡಿಗಳು ಕಾಯಿಗಳಾದವು. ನಾಲ್ಕೂ ಕವಡೆಗಳು ಅಂಗಾತ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಗುರುತು ಹಾಕಿದ ಮನೆಯಲ್ಲಿರುವ ಕಾಯನ್ನು ಯಾರೂ ಕಡಿಯುವಂತಿಲ್ಲ. ಅದಕ್ಕೆ ಕಟ್ಟೆಯೆಂದು ಹೆಸರು. ಊರ ಮುಂದಿನ ಅಶ್ವತ್ಥಕಟ್ಟೆಯ ಮೇಲೆ ಕುಳಿತ ದಾರಿಗನನ್ನು ಯಾರೂ ಕೆಣಕಬಾರದೆಂಬ ಲೋಕಮರ್ಯಾದೆಯನ್ನು ನೆನಪಿಗೆ ತರುವ ಹೆಸರಿದು. ಸುತ್ತು ಮುಗಿಸಿ ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಬೀಜವೋ ಕಲ್ಲೋ ಆಗಿದ್ದುದು ಹೀಗೆ ಮಾತಿನ ಬಲದಿಂದ ಪಕ್ವವಾಗುವುದನ್ನು ಕಂಡರೆ ಕನ್ನಡದ ಶಕ್ತಿಗೆ ತಲೆದೂಗಬೇಕೆನಿಸುತ್ತದೆ.

ಇಷ್ಟು ಎಲ್ಲೆಡೆಯೂ ಸಮಾನ. ಮುಂದಿನದು ಮನೆಯಿಂದ ಮನೆಗೆ ಬೇರೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಕೂಡದೆಂದು ಒಂದು ಮನೆಯ ಕಟ್ಟಳೆ. ಹೋಗಬಹುದೆಂದು ಇನ್ನೊಂದು ಮನೆಯದು. ಒಂದೇ ಮನೆಯಲ್ಲಿ ಕುಳಿತ ಎರಡು ಕಾಯಿಗಳು ಜೋಡಿಯಾಗುತ್ತವೆಯೇ, ಚೌಕವು ಮೂರು ಬಾರಿ ಒಂದರ ಹಿಂದೊಂದು ಬಿದ್ದರೆ ಗರ ನಿಲ್ಲುತ್ತದೆಯೇ ಅಳಿಯುತ್ತದೆಯೇ ಎಂಬ ವಿಷಯದಲ್ಲಿ ಮತಭೇದಗಳುಂಟು. ಹೊಸ ಸೊಸೆಯೊಬ್ಬಳು ಮನೆಗೆ ಬಂದು ಮೊದಲ ಸಲ ಆಡಲು ಕುಳಿತಾಗ, "ನಮ್ಮಲ್ಲಿ ಹಾಗಲ್ಲ" ಎಂಬ ಮಾತು ಬರುವುದು ಇಲ್ಲಿಯೇ. ಪ್ರತಿಯೊಂದು ಕಟ್ಟಳೆಯ ಹಿಂದೆಯೂ ಎಂದೋ ನಡೆದ ಒಂದು ಜಗಳವೂ ಅದರ ರಾಜಿಯೂ ಇರಬೇಕೆಂದು ಶಿರಿಯ ಹೊಳೆಯ ಪ್ರಕರಣದಿಂದ ಊಹಿಸಬಹುದು. ರಾಜಿಯನ್ನು ಮಾಡಿದವರ ಹೆಸರು ಉಳಿಯಲಿಲ್ಲ, ರಾಜಿ ಉಳಿಯಿತು.

ಅರಸರೂ ಈ ವಿನೋದಗಳನ್ನು ಹಗುರವಾಗಿ ಎಣಿಸಲಿಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜ್ಯಭಾರ, ವೈದ್ಯ, ಪಾಕಶಾಸ್ತ್ರ, ಸಂಗೀತಗಳ ಸಾಲಿನಲ್ಲಿಯೇ ಚದುರಂಗ ಮತ್ತು ದಾಳದ ಆಟಗಳಿಗೂ ಸ್ಥಾನ ದೊರೆತಿದೆ. ಆದರೆ ಇದ್ದ ಆಟಗಳನ್ನು ವರ್ಣಿಸುವುದು ಒಂದು ಬಗೆ. ಹೊಸ ಆಟಗಳಿಗೆ ಕಟ್ಟಳೆ ಕಟ್ಟುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಕನ್ನಡ ನಾಡಿನ ಅಗ್ರಗಣ್ಯರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಜನಿಸಿದ ಇವರು 1799ರಲ್ಲಿ, ಶ್ರೀರಂಗಪಟ್ಟಣದ ಪತನದ ತರುವಾಯ, ಐದು ವರ್ಷದ ಬಾಲಕರಾಗಿ ಪಟ್ಟವೇರಿದರು. 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ಕಾಲವಾಗುವ ತನಕ, ಮೂವತ್ತೇಳು ವರ್ಷ, ಅವರು ಆಳ್ವಿಕೆಯಿಲ್ಲದ ಅರಸರು. ಆ ದೀರ್ಘ ವಿರಾಮವನ್ನು ಅವರು ಸಾಹಿತ್ಯಕ್ಕೂ ಕಲೆಗಳಿಗೂ ಆಟಗಳಿಗೂ ಧಾರೆಯೆರೆದರು. ಅವರು ಸಂಕಲಿಸಿದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂಥ ವಿನೋದಗಳಿಗೇ ಮೀಸಲಾಗಿದೆ. ಚದುರಂಗದ ಕುದುರೆಯೊಂದನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ, ಒಂದು ಮನೆಯನ್ನೂ ಎರಡು ಸಲ ಮೆಟ್ಟದಂತೆ, ನಡೆಸುವ ಕ್ರಮಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳಲ್ಲಿ ಚದಗಳೆಂಬ ಹೊಸ ಆಟಗಳನ್ನು ಕಲ್ಪಿಸಿದರು. ಅವುಗಳಲ್ಲಿ ಚಿಕ್ಕದಕ್ಕೆ 36 ಎಲೆಗಳು, ದೊಡ್ಡದಕ್ಕೆ 360 ಎಲೆಗಳು. ಚಾಮುಂಡೇಶ್ವರಿ ಚದವೊಂದಕ್ಕೇ 320 ಎಲೆಗಳು. 1861ರಲ್ಲಿ ನಿರ್ಮಾಣವಾದ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳನ್ನು ಬರೆಯಿಸಲಾಗಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅರಸರ ಆಟಗಳು ಗ್ರಂಥಸ್ಥವಾದವು, ಗೋಡೆಯ ಮೇಲೂ ನಿಂತವು. ಆದರೆ ಮನೆಮನೆಯ ಆಟಗಳಾಗಲಿಲ್ಲ. 360 ಎಲೆಗಳನ್ನು ಕೈಯಲ್ಲಿ ಹಿಡಿಯಲು ಅರಮನೆಯ ಬಿಡುವು ಬೇಕಷ್ಟೆ! ಅತ್ತ ಚೌಕಾಬಾರದ ಕಟ್ಟಳೆಗಳನ್ನು ಬರೆದಿಡಬೇಕೆಂದು ಆಡುವವರಿಗೆ ತೋರಲಿಲ್ಲ. ಅದು ಇಂದಿಗೂ ಜಗಲಿಗಳ ಮೇಲೆ ಬದುಕಿದೆ. ಬರೆದದ್ದು ಆಡದೆ ಉಳಿಯಿತು. ಆಡಿದ್ದು ಬರೆಯದೆ ಉಳಿಯಿತು. ಹಾಗಾದರೆ ಬರೆಯುವ ಅಗತ್ಯವೇನೆಂದು ವಾಚಕರು ಕೇಳಬಹುದು. ಆಡುವ ಬಾಯಿ ಇರುವ ತನಕ ಅಗತ್ಯವಿಲ್ಲ. ಬಾಯಿ ಮುಚ್ಚಿದ ಮೇಲೆ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆನು; ಒಂದು ದೂರದ್ದು, ಇನ್ನೊಂದು ನನ್ನ ಮನೆಯದು.

ಇರಾಕ್ ದೇಶದ ಉರ್ ಎಂಬ ಪ್ರಾಚೀನ ನಗರದ ಸಮಾಧಿಗಳಲ್ಲಿ, 1920ರ ದಶಕದಲ್ಲಿ ಉತ್ಖನನ ನಡೆಸಿದ ಲೆನಾರ್ಡ್ ವೂಲಿ ಎಂಬ ವಿದ್ವಾಂಸರಿಗೆ ಇಪ್ಪತ್ತು ಮನೆಗಳ ಸುಂದರವಾದ ಆಟದ ಮಣೆಗಳು ದೊರೆತವು. ಅವು ಸುಮಾರು 4500 ವರ್ಷಗಳಷ್ಟು ಹಳೆಯವು. ಮಣೆಯಿತ್ತು, ಕಾಯಿಗಳಿದ್ದವು, ದಾಳಗಳಿದ್ದವು. ಆಡುವುದು ಹೇಗೆಂದು ಹೇಳುವವರಿರಲಿಲ್ಲ. ಕ್ರಿ. ಪೂ. 177ರ ಸುಮಾರಿಗೆ ಬಾಬಿಲೋನಿನ ಲಿಪಿಕಾರನೊಬ್ಬನು ಇಪ್ಪತ್ತು ಮನೆಗಳ ಆಟದ ಕಟ್ಟಳೆಗಳನ್ನು ಜೇಡಿಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದನು. ಆ ಹಲಗೆಯನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಎಂಬ ವಿದ್ವಾಂಸರು ಓದಿ ಅರ್ಥೈಸಿದ ಮೇಲೆಯೇ ಆ ಆಟಕ್ಕೆ ಮತ್ತೆ ಜೀವ ಬಂದದ್ದು. ಮಣ್ಣಿನ ಒಂದು ಹಲಗೆ ಇಲ್ಲದಿದ್ದರೆ ಆ ಮಣೆಗಳು ಬರಿಯ ಅಲಂಕಾರದ ಹಲಗೆಗಳಾಗಿ ಉಳಿಯುತ್ತಿದ್ದವು. ನಮ್ಮ ಹಂಪೆಯ ಬಂಡೆಗಳ ಮೇಲೂ ಮಂಟಪಗಳ ನೆಲಗಟ್ಟಿನ ಮೇಲೂ ಅನೇಕ ಆಟದ ಮಣೆಗಳು ಕೊರೆಯಲ್ಪಟ್ಟಿವೆ. ಕೊರೆದವರು ಯಾವ ಕಟ್ಟಳೆಗಳಿಂದ ಆಡಿದರೆಂದು ಕಲ್ಲು ಹೇಳುವುದಿಲ್ಲ.

ಇನ್ನು ನನ್ನ ಮನೆಯ ಮಾತು. ನಮ್ಮ ಸೀಮೆಯಲ್ಲಿ ಆಟಿಯ ಮಳೆಗೂ ಚೆನ್ನೆಮಣೆಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಒಂದೊಂದು ಮಗ್ಗುಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜಗಳು. ಬೀಜಗಳನ್ನು ಒಂದೊಂದಾಗಿ ಬಿತ್ತುತ್ತ ಹೋಗುವಾಗ ಒಂದು ಗುಳಿಯಲ್ಲಿ ನಾಲ್ಕು ಕೂಡಿದರೆ ಅದು ಪೆರ್ಗ. ಇದರಲ್ಲಿಯೂ ಬಗೆಬಗೆಯ ಆಟಗಳುಂಟು. ಕಟ್ಟಳೆಗಳ ಪೈಕಿ ಒಂದು ಮಾತ್ರ ಗುಳಿಗಾಗಲಿ ಬೀಜಕ್ಕಾಗಲಿ ಸಂಬಂಧಿಸಿದ್ದಲ್ಲ: ಒಡಹುಟ್ಟಿದವರು ಎದುರುಬದುರಾಗಿ ಕುಳಿತು ಚೆನ್ನೆಯಾಡಬಾರದು. ತುಳುವಿನ ಸಿರಿ ಪಾಡ್ದನವನ್ನು ಕೇಳಿದವರಿಗೆ ಇದರ ಕಾರಣ ಗೊತ್ತು. ಸಿರಿಯ ಮೊಮ್ಮಕ್ಕಳಾದ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಅದೇ ಮಣೆಯ ಏಟಿನಿಂದ ಒಬ್ಬಳು ಸತ್ತು, ಇನ್ನೊಬ್ಬಳು ದುಃಖದಿಂದ ಬಾವಿಗೆ ಹಾರಿದಳು. ಗೆಲವಿಗಿಂತ ದೊಡ್ಡದೊಂದು ಮನೆಯಲ್ಲಿದೆಯೆಂಬುದನ್ನು ಹಿರಿಯರು ಕಟ್ಟಳೆಯ ರೂಪದಲ್ಲಿ ಇಟ್ಟರು.

ನನ್ನ ಅಜ್ಜಿಯವರು ಈ ಆಟದಲ್ಲಿ ಗಟ್ಟಿಗರು. ಅವರದೇ ಒಂದು ಕ್ರಮವಿತ್ತು. ಪೆರ್ಗವನ್ನು ಎತ್ತುವ ಮೊದಲು ಅವರು ತಮ್ಮ ಬಲಗಡೆಯ ಕೊನೆಯ ಗುಳಿಯನ್ನು ಎರಡು ಬೆರಳುಗಳಿಂದ ಮುಚ್ಚುತ್ತಿದ್ದರು, ಕೆಲವೊಮ್ಮೆ ಮುಚ್ಚುತ್ತಿರಲಿಲ್ಲ. ಮುಚ್ಚಿದಾಗ ನಾವು ಆ ಗುಳಿಗೆ ಬೀಜ ಹಾಕದೆ ಮುಂದೆ ಹೋಗಬೇಕಿತ್ತು. ಯಾವಾಗ ಮುಚ್ಚಬೇಕು, ಏಕೆ ಮುಚ್ಚಬೇಕು ಎಂದು ನಾನು ಕೇಳಲಿಲ್ಲ. ಹತ್ತು ವರ್ಷದ ಹುಡುಗನಿಗೆ ಅಜ್ಜಿ ಎಂದೆಂದಿಗೂ ಇರುವವಳೆಂದೇ ಭಾವನೆ. ಮುಂದೆ ಪಂಪ ರನ್ನರನ್ನು ಓದಿದೆನು, ವಿದ್ವಾನ್ ಪರೀಕ್ಷೆಗೆ ಕೇಶಿರಾಜನ ಸೂತ್ರಗಳನ್ನು ಉರುಹಾಕಿದೆನು. ಮನೆಯಲ್ಲಿದ್ದ ಸೂತ್ರವೊಂದನ್ನು ಕೇಳಿ ಬರೆದುಕೊಳ್ಳಲು ಬಿಡುವಾಗಲಿಲ್ಲ. ಈಗ ಅಜ್ಜಿಯಿಲ್ಲ. ಮಣೆಯಿದೆ, ಬೀಜಗಳಿವೆ. ಆ ಎರಡು ಬೆರಳುಗಳು ಕಣ್ಣಿಗೆ ಕಟ್ಟಿದಂತಿವೆ. ಕಟ್ಟಳೆ ಮಾತ್ರ ತಿಳಿಯದು. ನನ್ನ ತಾಯಿಯವರನ್ನು ಕೇಳಿದೆನು. "ಅತ್ತೆ ಹಾಗೆ ಮಾಡುತ್ತಿದ್ದದ್ದು ಹೌದು" ಎಂದರೇ ಹೊರತು ಅವರಿಗೂ ತಿಳಿಯದು. ಉರ್ ನಗರದ ಸಮಾಧಿ ನಮ್ಮ ಮನೆಯ ಅಟ್ಟದ ಮೇಲೆಯೇ ಇದೆ. ಅದನ್ನು ಓದುವ ಹಲಗೆಯಿಲ್ಲ.

ಇದು ಆಟದ ಮಾತಷ್ಟೇ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಮನವಿಗಳನ್ನು ಬರೆದರು, ಸಭೆಗಳನ್ನು ಕೂಡಿಸಿದರು. ಚಂದ್ರಗಿರಿಯ ಉತ್ತರಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತು; ಅದು ಕಾರ್ಯರೂಪಕ್ಕೆ ಬರಲಿಲ್ಲ. ಗಡಿಯ ಗೆರೆಯನ್ನು ಎಳೆಯುವ ಕೈ ನಮ್ಮದಾಗಿರಲಿಲ್ಲ. ಆದರೆ ಜಗಲಿಯ ಮೇಲೆ ಎಳೆದ ಗೆರೆಗಳೊಳಗೆ ಯಾವ ಮಾತಿನಲ್ಲಿ ಕಟ್ಟಳೆ ಕಟ್ಟಬೇಕೆಂಬುದನ್ನು ಯಾವ ಆಯೋಗವೂ ನಿರ್ಣಯಿಸಲಿಲ್ಲ. ಅದು ನಮ್ಮ ಕೈಯಲ್ಲಿಯೇ ಉಳಿದಿತ್ತು. ಅದನ್ನು ಕಳೆದುಕೊಂಡರೆ ದೂರಲು ಬೇರೆ ಯಾರೂ ಇಲ್ಲ. ನಮ್ಮ ಪಚ್ಚೀಸಿಯ ಆಟವೇ ಇಂಗ್ಲೆಂಡಿಗೆ ಹೋಗಿ, ಕವಡೆಯ ಬದಲು ಚೌಕದ ದಾಳವನ್ನು ಧರಿಸಿ, 1896ರಲ್ಲಿ ಅಲ್ಲಿ ಪೇಟೆಂಟ್ ಪಡೆದು ಲೂಡೋ ಎಂಬ ಹೆಸರಿನಿಂದ ಪೆಟ್ಟಿಗೆಯೊಳಗೆ ಕುಳಿತು ನಮ್ಮ ಮನೆಗಳಿಗೆ ಹಿಂದಿರುಗಿತು. ಈಗ ಅದು ಮೊಬೈಲ್ ಫೋನಿನೊಳಗಿದೆ. ಅಲ್ಲಿ ಕಾಯನ್ನು ನಡೆಸುವುದೂ ಲೆಕ್ಕವಿಡುವುದೂ ಯಂತ್ರವೇ. ಮಕ್ಕಳು ಜಗಳವಾಡುವ ಪ್ರಮೇಯವಿಲ್ಲ, ಆದುದರಿಂದ ಕೂಡಿ ರಾಜಿಯಾಗುವ ಪ್ರಮೇಯವೂ ಇಲ್ಲ. ಶಿರಿಯ ಹೊಳೆಯ ಸಂಕದ ಪ್ರಶ್ನೆಯನ್ನು ಅಲ್ಲಿ ಯಾರ ಮುಂದೆ ಕೇಳುವುದು?

ಆದುದರಿಂದ ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ ಚೆನ್ನೆಮಣೆಯಿದ್ದರೆ ಇಳಿಸಿರಿ. ಆಡಲು ಬಲ್ಲ ಅಜ್ಜಿಯೋ ಅತ್ತೆಯೋ ಇದ್ದರೆ ಮಕ್ಕಳನ್ನು ಅವರ ಎದುರಿಗೆ ಕುಳ್ಳಿರಿಸಿರಿ. ಒಡಹುಟ್ಟಿದವರನ್ನು ಮಾತ್ರ ಬೇರೆಬೇರೆ ಜೊತೆಗಳಲ್ಲಿ! ಆಟ ಮುಗಿದ ಮೇಲೆ ಆ ಮಕ್ಕಳ ಕೈಯಲ್ಲಿಯೇ ಕಟ್ಟಳೆಗಳನ್ನು ಒಂದು ಹಾಳೆಯಲ್ಲಿ ಬರೆಯಿಸಿರಿ; ಹಿರಿಯರು ಆಡಿದ ಶಬ್ದಗಳನ್ನೇ ಬರೆಯಿಸಿರಿ, ತಿದ್ದಬೇಡಿರಿ. ಮುಮ್ಮಡಿಯವರು ಬರೆಯಿಸಿದರು, ಆಡುವವರು ಸಿಗಲಿಲ್ಲ. ನಮ್ಮ ಅಜ್ಜಿಯಂದಿರು ಆಡಿದರು, ಬರೆಯುವವರು ಸಿಗಲಿಲ್ಲ. ಎರಡೂ ಒಂದೇ ಜಗಲಿಯ ಮೇಲೆ ಕೂಡಿದರೆ ಸಾಕು.

ನನ್ನ ನಾಲ್ವರು ವಿದ್ಯಾರ್ಥಿಗಳು ಈಚೆಗೆ ತಮ್ಮ ಹಾಳೆಗೆ ಹನ್ನೆರಡನೆಯ ಕಟ್ಟಳೆಯೊಂದನ್ನು ಸೇರಿಸಿದ್ದಾರೆ: ಹೊಳೆಯ ಮನೆಯಲ್ಲಿ ಎರಡು ಸರದಿ ಕಾದವನು ಮೂರನೆಯ ಸರದಿಯಲ್ಲಿ ಸಂಕದ ಮೇಲೆ ದಾಟಬಹುದು. ಕೆಳಗೆ ನಾಲ್ವರ ರುಜುವೂ ಇದೆ.