ಅದಿರು, ಸ್ಮಾರಕ, ನದಿ: ಹೊಸಪೇಟೆ–ಸಂಡೂರು ಸೀಮೆಯಲ್ಲಿ ಪೊಲೀಸರು ಮತ್ತು ಇತರ ಇಲಾಖೆಗಳ ಸಹಕಾರ

ಅಪರಾಧವನ್ನು ತಡೆಯುವ, ತನಿಖೆ ಮಾಡುವ ಹೊಣೆ ಪೊಲೀಸರದು. ಆದರೆ ಅಪರಾಧ ನಡೆದಿದೆಯೇ ಇಲ್ಲವೇ ಎಂದು ಹೇಳಬಲ್ಲ ದಾಖಲೆ ಅನೇಕ ವೇಳೆ ಬೇರೊಂದು ಇಲಾಖೆಯ ಕಡತದಲ್ಲಿರುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ವಡ್ಡು, ತೋರಣಗಲ್ಲು ಕಡೆ ಸಾಗುವ ಅದಿರು ಲಾರಿ ಸಕ್ರಮವೋ ಅಕ್ರಮವೋ ಎಂಬುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್‌ನಿಂದ ತಿಳಿಯಬೇಕು. ಹಂಪಿಯಲ್ಲಿ ಉರುಳಿದ ಕಂಬ ಸಂರಕ್ಷಿತ ಸ್ಮಾರಕದ್ದೇ ಎಂಬುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ದೃಢಪಡಿಸಬೇಕು. ಕಂಪ್ಲಿ ಸೇತುವೆಯ ಮೇಲೆ ಸಂಚಾರ ಯಾವಾಗ ನಿಲ್ಲಿಸಬೇಕೆಂಬುದು ತುಂಗಭದ್ರಾ ಜಲಾಶಯದಿಂದ ಬಿಡುವ ನೀರಿನ ಪ್ರಮಾಣವನ್ನು ಅವಲಂಬಿಸಿದೆ.

ಆಡಳಿತದ ಗಡಿಗಳು

2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ವಿಜಯನಗರ ಜಿಲ್ಲೆ ರಚನೆಯಾಯಿತು. ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಂಪಿಯ ಎದುರು ದಡದ ಆನೆಗೊಂದಿ ಕೊಪ್ಪಳ ಜಿಲ್ಲೆಯದು. ಹೀಗೆ ಒಂದೇ ಅದಿರು ಸಾಗಣೆಯ ದಾರಿ, ಒಂದೇ ಪಾರಂಪರಿಕ ಪ್ರದೇಶ, ಒಂದೇ ನದಿ ಬೇರೆ ಬೇರೆ ಜಿಲ್ಲಾಧಿಕಾರಿಗಳ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಗೆ ಹಂಚಿಹೋಗಿವೆ. ಇಲಾಖೆಗಳ ನಡುವಿನ ಸಹಕಾರಕ್ಕೆ ಜಿಲ್ಲೆಗಳ ನಡುವಿನ ಸಹಕಾರವೂ ಸೇರಬೇಕಾಗಿದೆ.

ಅಕ್ರಮ ಗಣಿಗಾರಿಕೆ: ದೂರು ಯಾರದು, ತನಿಖೆ ಯಾರದು

1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಅಕ್ರಮ ಗಣಿಗಾರಿಕೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರುತ್ತದೆ. ಅದರ 21ನೇ ಕಲಮಿನಡಿ ಅಧಿಕಾರ ಪಡೆದ ಅಧಿಕಾರಿ ಅದಿರನ್ನೂ ವಾಹನವನ್ನೂ ಜಪ್ತಿ ಮಾಡಬಹುದು. ಆದರೆ 22ನೇ ಕಲಮಿನ ಪ್ರಕಾರ, ಸರ್ಕಾರದಿಂದ ಅಧಿಕಾರ ಪಡೆದವರು ಲಿಖಿತ ದೂರು ಕೊಡದೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಆದ್ದರಿಂದ ಠಾಣೆಯಲ್ಲಿ ಎಫ್‌ಐಆರ್ ದಾಖಲಾದರೂ ಗಣಿ ಇಲಾಖೆಯ ದೂರಿಲ್ಲದೆ ಈ ಕಾಯ್ದೆಯಡಿಯ ಆರೋಪ ನಿಲ್ಲುವುದು ಕಷ್ಟ. 2014ರಲ್ಲಿ ಸುಪ್ರೀಂ ಕೋರ್ಟ್ ಈ ತೊಡಕನ್ನು ಭಾಗಶಃ ಬಿಡಿಸಿತು. ಸರ್ಕಾರದ ಸ್ವತ್ತಾದ ಖನಿಜವನ್ನು ಅನುಮತಿಯಿಲ್ಲದೆ ಒಯ್ಯುವುದು ಕಳ್ಳತನವೂ ಆಗುತ್ತದೆ, ಆ ಅಪರಾಧದ ಬಗ್ಗೆ ಪೊಲೀಸರು ಸ್ವತಂತ್ರವಾಗಿ ಪ್ರಕರಣ ದಾಖಲಿಸಬಹುದು ಎಂಬುದು ಆ ತೀರ್ಪಿನ ಸಾರ. ಅದಿರು ಅರಣ್ಯದಿಂದ ಬಂದಿದ್ದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅನ್ವಯಿಸುತ್ತದೆ. ಅಂದರೆ ಒಂದೇ ಲಾರಿಯ ಮೇಲೆ ಮೂರು ಇಲಾಖೆಗಳು ಮೂರು ಕಾನೂನುಗಳಡಿ ಕ್ರಮ ಜರುಗಿಸಬಹುದು.

ಅಧಿಕಾರ ಹೀಗೆ ಹಲವರಲ್ಲಿದ್ದರೂ 2000ದ ದಶಕದಲ್ಲಿ ಅಕ್ರಮ ನಿಲ್ಲಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಸಲ್ಲಿಸಿದ ಎರಡು ವರದಿಗಳು ಇದನ್ನು ವಿವರವಾಗಿ ದಾಖಲಿಸಿವೆ. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಪರ್ಮಿಟ್ ಇಲ್ಲದೆ ರಫ್ತಾಯಿತೆಂದು ಎರಡನೇ ವರದಿ ಲೆಕ್ಕಹಾಕಿತು. ಹಲವು ಇಲಾಖೆಗಳ ಅಧಿಕಾರಿಗಳ ಮೇಲೂ ಅದು ಬೊಟ್ಟು ಮಾಡಿತು. ತನಿಖೆಯ ವಿಧಾನವೂ ಗಮನಾರ್ಹ. ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ ಪರ್ಮಿಟ್, ಸಾಗಣೆಯ ಲೆಕ್ಕ, ಬಂದರಿನ ರಫ್ತು ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿತು. ಪ್ರತಿ ಇಲಾಖೆಯಲ್ಲೂ ಬಿಡಿಬಿಡಿಯಾಗಿ ಬಿದ್ದಿದ್ದ ಕಾಗದಗಳು ಜೊತೆಗೂಡಿದಾಗ ಮಾತ್ರ ಅಪರಾಧದ ಪೂರ್ಣ ಸ್ವರೂಪ ಬಯಲಾಯಿತು.

ಜಪ್ತಿಯ ಬಳಿಕ ಕಾವಲು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರು ಸಾಕ್ಷಿ. 2010ರ ಮಾರ್ಚ್‌ನಲ್ಲಿ ಅಲ್ಲಿ ಜಪ್ತಿಯಾದ ಸುಮಾರು 5 ಲಕ್ಷ ಟನ್ ಅದಿರು ಬಂದರು ಅಧಿಕಾರಿಯ ಸುಪರ್ದಿಯಲ್ಲಿತ್ತು. ಅದರ ಬಹುಭಾಗ ಕೆಲವೇ ತಿಂಗಳಲ್ಲಿ ಹಡಗೇರಿ ಹೋಯಿತು. ಪ್ರಕರಣ ಕೊನೆಗೆ ಸಿಬಿಐ ಕೈಗೆ ಬಂದಿತು. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಬಂದರು ಅಧಿಕಾರಿಯೂ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅರಣ್ಯ, ಗಣಿ, ಕಂದಾಯ ಇಲಾಖೆಗಳ ಜಂಟಿ ತಂಡ ಗುತ್ತಿಗೆಗಳ ಗಡಿಯನ್ನು ಅಳೆಯಿತು. ಅದರ ಆಧಾರದ ಮೇಲೆ ಗಣಿಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಲೋಕಾಯುಕ್ತದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ಗಡಿಯ ಅಳತೆ ಖಚಿತವಾದ ಮೇಲೆ, ಗುತ್ತಿಗೆಯ ಹೊರಗೆ ಅಗೆತ ನಡೆದಿದೆಯೇ ಎಂಬ ಪ್ರಶ್ನೆಗೆ ತನಿಖಾಧಿಕಾರಿ ಊಹೆಯನ್ನು ನೆಚ್ಚಬೇಕಾದ ಸ್ಥಿತಿ ತಪ್ಪಿತು.

ಹಂಪಿ: ಕಾವಲು ಮತ್ತು ಬಂದೋಬಸ್ತ್

1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಇಲ್ಲಿ ಪುರಾತತ್ವ ಇಲಾಖೆ, 2002ರ ಕಾಯ್ದೆಯಡಿ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, ಮುಜರಾಯಿ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಗ್ರಾಮ ಪಂಚಾಯಿತಿ ಎಲ್ಲವೂ ಒಂದೇ ನೆಲದ ಮೇಲೆ ಕೆಲಸ ಮಾಡುತ್ತವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

2019ರ ಆರಂಭದಲ್ಲಿ ಯುವಕರು ಇಲ್ಲಿನ ವಿಷ್ಣು ದೇಗುಲದ ಕಂಬ ಉರುಳಿಸುತ್ತಿದ್ದ ವಿಡಿಯೊ ಹರಿದಾಡಿತು. ಪೊಲೀಸರು ನಾಲ್ವರನ್ನು ಬಂಧಿಸಿದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಕಂಬವನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೂ ಅವರನ್ನೇ ಹಚ್ಚಲಾಯಿತು. ತನಿಖೆ ಚುರುಕಾಗಿತ್ತು, ಆದರೆ ಕೃತ್ಯ ಕಾವಲುಗಾರರಿಗಿಂತ ಮೊದಲು ಜಾಲತಾಣದಲ್ಲಿ ಕಂಡಿತೆಂಬುದು ಅಷ್ಟೇ ಮುಖ್ಯ.

2011ರ ಜುಲೈ ಕೊನೆಯಲ್ಲಿ ಜಿಲ್ಲಾಡಳಿತ ಪೊಲೀಸ್ ಬಂದೋಬಸ್ತಿನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ತೆರವುಗೊಳಿಸಿದ್ದು ಇದಕ್ಕಿಂತ ಭಿನ್ನವಾದ ಪ್ರಸಂಗ. ಅಲ್ಪಾವಧಿಯ ಸೂಚನೆ ಕೊಟ್ಟು ಮನೆ ಕೆಡವಿದ್ದು ವ್ಯಾಪಕ ಟೀಕೆಗೆ ಗುರಿಯಾಯಿತು. ಬಂದೋಬಸ್ತ್ ಒದಗಿಸುವುದು ಆಡಳಿತಕ್ಕೆ ಸಹಾಯವೇನೋ ಹೌದು. ಪುನರ್ವಸತಿಯ ಸಿದ್ಧತೆ ಹಿಂದುಳಿದಾಗ ಅದರ ಭಾರವೂ ಪೊಲೀಸರ ಹೆಗಲೇರುತ್ತದೆ.

ತುಂಗಭದ್ರಾ: ಎಚ್ಚರಿಕೆಯ ಹಾದಿ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಪದನಿಮಿತ್ತ ಸದಸ್ಯರು. ಅಣೆಕಟ್ಟನ್ನು ನೋಡಿಕೊಳ್ಳುವುದು ಅಂತರರಾಜ್ಯ ಸಂಸ್ಥೆಯಾದ ತುಂಗಭದ್ರಾ ಮಂಡಳಿ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಇತರ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆ) ಕೂರಿಸಿ ನೀರು ತಡೆಯಲಾಯಿತು.

ಇಂಥ ಹೊತ್ತಿನಲ್ಲಿ ಕೆಲಸದ ಸರಣಿ ಸ್ಪಷ್ಟ. ಬಿಡುವ ನೀರಿನ ಲೆಕ್ಕ ಮಂಡಳಿಯದು, ಎಚ್ಚರಿಕೆ ಹೊರಡಿಸುವುದು ಜಿಲ್ಲಾಡಳಿತದ್ದು, ಸೇತುವೆ ಮತ್ತು ದಂಡೆಯಲ್ಲಿ ಜನರನ್ನು ತಡೆಯುವುದು ಪೊಲೀಸರದು, ಸಿಲುಕಿದವರನ್ನು ಹೊರತರುವುದು ಅಗ್ನಿಶಾಮಕ ದಳದ್ದು. ಮೊದಲ ಸುದ್ದಿ ತಡವಾದರೆ ಉಳಿದೆಲ್ಲವೂ ತಡವಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯ ಮಾಡಿರುವುದರ ಉದ್ದೇಶವೂ ಇದೇ.

ಸಮಾರೋಪ

ಮೂರು ಸಂದರ್ಭಗಳಲ್ಲೂ ಕಾನೂನು ಕೊಟ್ಟ ಅಧಿಕಾರಕ್ಕೆ ಕೊರತೆಯಿಲ್ಲ. ಲೋಪ ಕಾಣಿಸಿಕೊಂಡದ್ದು ಒಂದು ಇಲಾಖೆಯ ಕೆಲಸ ಮುಗಿದು ಇನ್ನೊಂದರದು ಶುರುವಾಗುವ ಜಾಗದಲ್ಲಿ: ಪರ್ಮಿಟ್ಟಿನ ಲೆಕ್ಕ ಬಂದರಿನ ಲೆಕ್ಕದೊಂದಿಗೆ ಸೇರದಿದ್ದಾಗ, ಜಪ್ತಿಯಾದ ಮಾಲಿಗೆ ಗಟ್ಟಿ ಕಾವಲಿಲ್ಲದಾಗ, ತೆರವಿಗೆ ಮೊದಲು ಪುನರ್ವಸತಿ ಸಿದ್ಧವಿಲ್ಲದಾಗ. ಹೀಗಾಗಿ ಜಂಟಿ ಸಭೆ, ಜಂಟಿ ದಾಳಿಗಳಿಗಿಂತ ಮೂರು ವ್ಯವಸ್ಥೆಗಳು ಹೆಚ್ಚು ಫಲ ಕೊಡಬಲ್ಲವು. ಸಾಗಣೆಯ ದಾಖಲೆಯನ್ನು ಚೆಕ್‌ಪೋಸ್ಟಿನ ಪೊಲೀಸರೂ ಅಲ್ಲೇ ಪರಿಶೀಲಿಸುವಂತಿರಬೇಕು; ಜಪ್ತಿ ಮಾಲನ್ನು ಯಾರು, ಯಾವಾಗ, ಎಷ್ಟು ತೂಕದಷ್ಟು ವಹಿಸಿಕೊಂಡರೆಂಬುದು ಮಹಜರಿನಲ್ಲಿ ದಾಖಲಾಗಬೇಕು; ನದಿಯ ಎಚ್ಚರಿಕೆ ಜಿಲ್ಲೆಯ ಗಡಿ ನೋಡದೆ ಕೆಳದಂಡೆಯ ಎಲ್ಲ ಠಾಣೆಗಳಿಗೂ ಏಕಕಾಲಕ್ಕೆ ತಲುಪಬೇಕು.